ಅರ್ತಿಂಗ್: ಈಗ ಇರುವುದೇ

ಬಾತ್‌ರೂಮಿನ ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಝೈನಬ್ ಮೊದಲ ಸಲ ಹೇಳಿದಾಗ ನಾನು ಅವಳ ಬಿಪಿ ಮಾತ್ರೆಯ ಮೇಲೆ ತಪ್ಪು ಹೊರಿಸಿದೆ. ಎರಡನೇ ಸಲ ಹೇಳಿದಾಗ ಚಪ್ಪಲಿ ಹಾಕಿಕೊಂಡು ಮುಟ್ಟು ಎಂದೆ. ಮೂರನೇ ಸಲ ಅವಳು ಹೇಳಲೇ ಇಲ್ಲ. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ನಲ್ಲಿಯ ಮೇಲೆ ಇಟ್ಟಳು. ಮೊಣಕೈವರೆಗೆ ಇರುವೆ ಹರಿದ ಹಾಗಾಯಿತು.

"ಈಗ ಯಾರ ಬಿಪಿ?" ಎಂದು ಕೇಳಿದಳು.

ಮದುವೆಯಾಗಿ ಮೂವತ್ತಮೂರು ವರ್ಷವಾದ ಹೆಂಡತಿ ಹೀಗೆ ಕೇಳಿದಾಗ ಉತ್ತರ ಕೊಡುವ ಗಂಡಸು ನಮ್ಮ ದೇರೆಬೈಲಿನಲ್ಲಿ ಇದ್ದರೆ ನನಗೆ ತೋರಿಸಿ. ನಾನು ಕೈ ಒರೆಸಿಕೊಂಡು ಹೊರಗೆ ಬಂದೆ. ನನ್ನ ಚಿಂತೆ ಬೇರೆ ಇತ್ತು. ಆಗ ಫೆಬ್ರವರಿ. ಮಾರ್ಚ್ ಕೊನೆಗೆ ಮಗಳು ಹಸ್ನಾ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಅಳಿಯನಿಗೆ ಹೊರದೇಶದಲ್ಲಿ, ದಮ್ಮಾಮಿನಲ್ಲಿ ಕೆಲಸ. ಹೆರಿಗೆಯಾದ ಮೇಲೆ ನಲವತ್ತು ದಿನ ಅವಳ ಬಾಣಂತಿ ಸ್ನಾನ ಅದೇ ಬಾತ್‌ರೂಮಿನಲ್ಲಿ, ಅದೇ ನಲ್ಲಿಯ ಬಿಸಿನೀರಿನಲ್ಲಿ. ಒದ್ದೆ ನೆಲ, ಒದ್ದೆ ಮೈ, ನಿತ್ರಾಣದ ಹುಡುಗಿ. ಅದನ್ನು ಯೋಚಿಸಿದಾಗಲೆಲ್ಲ ಅರ್ಧ ಊಟಕ್ಕೇ ಏಳುತ್ತಿದ್ದೆ. ಹೆದರಿದ್ದೇನೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಬಂದು ನೋಡಿದ ಎಲೆಕ್ಟ್ರಿಷಿಯನ್ನರೆಲ್ಲ ಒಂದೇ ಮಾತು ಹೇಳಿದರು. ಮೂವತ್ತು ವರ್ಷದ ಹಳೆಯ ವಯರು, ಮೇಲಿನ ಪ್ಲಾಸ್ಟಿಕ್ಕು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ, ಇಡೀ ಮನೆಗೆ ಹೊಸ ವಯರಿಂಗ್ ಆಗಬೇಕು. ಮಾತು ಒಂದೇ ಆದರೂ ಕೊಟೇಶನ್ ಮೂರು ಬಂತು. ಝೈನಬಳ ಚಿಕ್ಕಮ್ಮನ ಮೊಮ್ಮಗ ಅನ್ಸಾರ್ ಕ್ಯಾಲೆಂಡರಿನ ಹಾಳೆಯ ಹಿಂದೆ 'ಪೂರಾ ಮನೆ, 78,000' ಎಂದು ಬರೆದುಕೊಟ್ಟ. ಮೂರೇ ಮೂರು ಶಬ್ದ. ಪಂಪ್‌ವೆಲ್ ಕಡೆಯ ಒಂದು ಕಂಪನಿಯವರು ಬಣ್ಣದ ಪುಸ್ತಕ ಕಳಿಸಿದರು, ಎರಡು ಲಕ್ಷದ ಹತ್ತು ಸಾವಿರ. ಮೊದಲ ಪುಟದಲ್ಲಿದ್ದ ಮನೆ ನಮ್ಮ ಊರಿನದ್ದಂತೂ ಆಗಿರಲಿಲ್ಲ. ಮೂರನೆಯದು ವಿಲ್ಸನ್ ಎಂಬವನದ್ದು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಕನ್ನಡದಲ್ಲೇ ದುಂಡಗೆ ಬರೆದ ಎರಡು ಹಾಳೆ, ಮೂವತ್ತನಾಲ್ಕು ಸಾಲು, ಕೊನೆಗೆ 1,46,000.

ಮೂವತ್ತನಾಲ್ಕು ಸಾಲು ನೋಡಿ ನನಗೆ ಸಿಟ್ಟು ಬಂತು. ಎಪ್ಪತ್ತೊಂದು ಪಾಯಿಂಟು ಎಂದು ಬರೆದಿದ್ದ. ಒಂದು ಸ್ವಿಚ್ಚು ಬೋರ್ಡು ಎಂದರೆ ಒಂದು ಪಾಯಿಂಟು ಎಂದು ನನ್ನ ಲೆಕ್ಕ, ಹಾಗೆ ನೋಡಿದರೆ ಮನೆಯಲ್ಲಿ ಇಪ್ಪತ್ತಾರು ದಾಟುತ್ತಿರಲಿಲ್ಲ. ಇವನು ನನ್ನ ತಲೆ ಬೋಳಿಸುತ್ತಿದ್ದಾನೆ ಎಂದೆ. ಝೈನಬ್ ಹಾಳೆ ತಿರುಗಿಸಿದಳು. ಲೈಟಿಗೆ ಒಂದು, ಫ್ಯಾನಿಗೆ ಒಂದು, ಪ್ಲಗ್ಗಿಗೆ ಒಂದು ಎಂದು ಅಡಿಯಲ್ಲಿ ಬರೆದಿತ್ತು. ಅವಳು ತಸ್ಬೀಹ್ ಮಣಿ ಒಂದೊಂದೇ ಸರಿಸುತ್ತಾ ಕೋಣೆ ಕೋಣೆ ತಿರುಗಿ ಎಣಿಸಿ ಬಂದಳು.

"ಎಪ್ಪತ್ತೆರಡು ಉಂಟು," ಎಂದಳು. "ಅವನು ಒಂದು ಕಡಿಮೆಯೇ ಬರೆದಿದ್ದಾನೆ. ಇದು ಎಂತ, ಅರ್ತಿಂಗ್ ಅಂದ್ರೆ? ಅದಕ್ಕೆ ಒಂಬತ್ತೂವರೆ ಸಾವಿರ ಹಾಕಿದ್ದಾನೆ."

"ಅದು ಭೂಮಿಗೆ ಹೋಗುವ ವಯರ್."

"ಭೂಮಿಗೆ ಕರೆಂಟ್ ಯಾಕೆ?"

ನನಗೆ ಗೊತ್ತಿರಲಿಲ್ಲ. ಅಂಗಡಿಗೆ ಹೊತ್ತಾಯಿತು ಎಂದು ಎದ್ದೆ.

ನನ್ನ ಅಂಗಡಿಯ ವಿಷಯ ಹೇಳದಿದ್ದರೆ ಮುಂದಿನದ್ದು ಅರ್ಥವಾಗಲಿಕ್ಕಿಲ್ಲ. ಕಂಕನಾಡಿಯಲ್ಲಿ ಹಾಸಿಗೆ ಅಂಗಡಿ ನಮ್ಮದು, ನನ್ನ ತಂದೆಯ ಕಾಲದ್ದು. ಅವರು ನನ್ನನ್ನು ಗಲ್ಲೆಯಲ್ಲಿ ಕೂರಿಸಿದ ಮೊದಲ ದಿನ ಹೇಳಿಕೊಟ್ಟದ್ದು ಒಂದೇ ಪಾಠ: ಗಿರಾಕಿಗೆ 'ಇಲ್ಲ' ಎನ್ನಬೇಡ. ಕೇಳಿದ್ದು ಇದ್ದರೂ 'ಉಂಟು', ಇಲ್ಲದಿದ್ದರೂ 'ಉಂಟು, ನಾಳೆ ಬನ್ನಿ'. ಅಂಗಡಿಯಲ್ಲಿ 'ಇಲ್ಲ' ಎಂಬ ಶಬ್ದ ಬಿದ್ದರೆ ಬರ್ಕತ್ ಹೋಗುತ್ತದೆ ಎಂದು ಅವರ ನಂಬಿಕೆ. ಆ ಶಬ್ದ ನನ್ನ ಬಾಯಿಯಿಂದ ಎಷ್ಟು ದೂರ ಹೋಗಿತ್ತೆಂದರೆ, ಮನೆಯಲ್ಲಿ ಉಪ್ಪು ಉಂಟಾ ಎಂದು ಪಕ್ಕದವರು ಕೇಳಿದರೂ ಡಬ್ಬಿ ನೋಡುವ ಮೊದಲೇ ಉಂಟು ಎನ್ನುತ್ತೇನೆ.

ಎರಡನೇ ಪಾಠ ಯಾರೂ ಹೇಳಿಕೊಡಲಿಲ್ಲ, ನಾನೇ ಕಲಿತೆ. ಚೌಕಾಸಿ ಮಾಡುವ ಗಿರಾಕಿ ಬೆಲೆ ಕೇಳುತ್ತಾನೆಯೇ ಹೊರತು ಹಾಸಿಗೆ ಕೇಳುವುದಿಲ್ಲ. ಅವನು ಎರಡು ಸಾವಿರ ಇಳಿಸಿದರೆ ನಾನೂ ಎರಡು ಸಾವಿರ ಇಳಿಸುತ್ತೇನೆ. ಕವರು ಅದೇ ನೀಲಿ, ಅದೇ ಹೂವು, ಅದೇ ಜಿಪ್ಪು. ಒಳಗಿನ ಫೋಮು ಮಾತ್ರ ಬೇರೆ. ಸುಳ್ಳು ಹೇಳಿದ ಹಾಗೆ ನನಗೆ ಯಾವತ್ತೂ ಅನಿಸಿರಲಿಲ್ಲ. ಅಷ್ಟಕ್ಕೆ ಅಷ್ಟು ಎಂದುಕೊಳ್ಳುತ್ತಿದ್ದೆ.

ಎಣಿಸಿ ನೋಡಿದ ಝೈನಬ್ ಕೆಲಸ ವಿಲ್ಸನನಿಗೇ ಎಂದಳು, ಅವನನ್ನು ಅಂಗಡಿಗೇ ಕರೆಸಿದೆ. ಹಾಸಿಗೆಗಳ ಅಟ್ಟಿಯ ಮೇಲೆ ಕೂರಿಸಿ ಚಹಾ ತರಿಸಿದೆ.

"ಒಟ್ಟು ಎಷ್ಟಕ್ಕೆ ಮಾಡ್ತಿ ಮಾರಾಯ?"

"ಕಾಕ, ಬರೆದದ್ದು ಓದಿದ್ರಾ?"

"ಓದಿದೆ. ಕೊನೆಯ ಸಾಲು ಮಾತ್ರ ಸರಿ ಕಾಣಲಿಲ್ಲ. ಒಂದು ಇಪ್ಪತ್ತಕ್ಕೆ ಮುಗಿಸು."

"ರೇಟಿನಲ್ಲಿ ಅಷ್ಟು ಬಿಡ್ಲಿಕ್ಕೆ ಆಗುದಿಲ್ಲ ಕಾಕ. ಯಾವ ಲೈನ್ ತೆಗೀಬೇಕು ಹೇಳಿ."

"ಲೈನೆಲ್ಲ ನಿನ್ನ ಕೆಲಸ. ನನಗೆ ಒಂದು ಇಪ್ಪತ್ತು ಗೊತ್ತು."

ವಿಲ್ಸನ್ ಚಹಾದ ಲೋಟ ಕೆಳಗಿಟ್ಟು ಹಾಳೆಯ ಸಾಲುಗಳ ಮೇಲೆ ಬೆರಳು ಇಳಿಸಿದ. "ಹಳೇ ಅರ್ತಿಂಗ್ ಗುಂಡಿ ಉಂಟಾ ನಿಮ್ಮಲ್ಲಿ? ಸರಿ ಉಂಟಾ? ಇದ್ರೆ ಅದನ್ನೇ ಇಡ್ಬಹುದು."

"ಉಂಟು ಉಂಟು."

ಎರಡು ಸಲ ಹೇಳಿದೆ. ಆ ಗುಂಡಿಯನ್ನು ನಾನು ಕೊನೆಗೆ ನೋಡಿದ್ದು ಯಾವ ವರ್ಷ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಎರಡು ದಿನ ಬಿಟ್ಟು ಅವನು ಹೊಸ ಹಾಳೆ ತಂದ. 1,19,500. "ಒಮ್ಮೆ ಓದಿ ಸೈನ್ ಮಾಡಿ ಕಾಕ," ಎಂದ. ಓದಲಿಕ್ಕೆ ನಾನೇನು ಪರೀಕ್ಷೆಗೆ ಕೂತಿದ್ದೇನಾ ಎಂದು ನಗಾಡಿ ಸಹಿ ಹಾಕಿದೆ. ಒಂದೇ ಕೂತಲ್ಲಿ ಇಪ್ಪತ್ತಾರೂವರೆ ಸಾವಿರ ಇಳಿಸಿದ್ದೆ. ಆ ದಿನ ಮನೆಗೆ ಹೋಗುವಾಗ ಒಂದು ಕಿಲೋ ಅಂಜಲ್ ಮೀನು ಕೊಂಡುಹೋದೆ.

ಹನ್ನೆರಡು ದಿನ ಕೆಲಸ. ಗೋಡೆ ಕೊರೆದ ಧೂಳು ಅಕ್ಕಿ ಡಬ್ಬಿಯೊಳಗೂ ಹೋಯಿತು. ಮುಗಿದ ಮೇಲೆ ಬಿಳಿ ಸ್ವಿಚ್ಚುಗಳು ಉಜ್ಜಿದ ಹಲ್ಲಿನ ಹಾಗೆ ಹೊಳೆದವು. ಹಸ್ನಾ ಬಂದಳು. ಏಪ್ರಿಲ್ ಸೆಕೆಯಲ್ಲಿ ಬಿಸಿನೀರು ಯಾರಿಗೂ ಬೇಡ, ಗೀಸರು ಆಫ್, ನಲ್ಲಿಯೂ ಸುಮ್ಮನಿತ್ತು. ನಾನು ದಿನಾ ಬೆಳಿಗ್ಗೆ ಯಾರಿಗೂ ಕಾಣದ ಹಾಗೆ ಅದನ್ನು ಮುಟ್ಟಿ ನೋಡುತ್ತಿದ್ದೆ. ಏನೂ ಇಲ್ಲ. ಮೇ ಎರಡನೇ ವಾರ ಕಂಕನಾಡಿಯ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಮನೆಗೆ ಬಂದರು. ಬಾಣಂತಿಗೆ ನೀರು ಹಾಕಲು ನಬೀಸಾ ಬರತೊಡಗಿದಳು, ದಿನಾ ಹನ್ನೊಂದು ಗಂಟೆಗೆ. ಗೀಸರು ಮತ್ತೆ ಆನ್ ಆಯಿತು.

ಒಂಬತ್ತನೇ ದಿನ ನಾನು ಸ್ಕೂಟರು ಹೊರಗೆ ತೆಗೆಯುತ್ತಿದ್ದೆ. ಬೆಳಿಗ್ಗೆ ಎಣ್ಣೆ ಕಾಯಿಸಲು ಬಂದಿದ್ದ ನಬೀಸಾ ಮೆಟ್ಟಿಲ ಹತ್ತಿರ ನಿಂತಳು.

"ಕಾಕ, ನಿನ್ನೆ ನಲ್ಲಿ ತಿರುಗಿಸುವಾಗ ಕೈಗೆ ಎಂತದೋ ಜುಮ್ ಆಯ್ತು."

ಝೈನಬ್ ಒಳಗಿನಿಂದ ಹೇಳಿದಳು: "ಫ್ರಿಜ್ಜಿನ ಬಾಗಿಲೂ ಹಾಗೇ ಆಗ್ತದೆ. ಮೊದಲು ಫ್ರಿಜ್ಜಿನಲ್ಲಿ ಇರಲಿಲ್ಲ."

"ಹೊಸ ವಯರಿಂಗ್ ಅದು," ಎಂದೆ. ಸ್ವರ ಬೇಕಾದ್ದಕ್ಕಿಂತ ದೊಡ್ಡದಾಯಿತು. "ಶಾಕ್ ಎಲ್ಲಿಂದ ಬರ್ತದೆ? ನಿಮಗೆಲ್ಲ ಹಳೇ ಹೆದರಿಕೆ ಹೋಗಲಿಲ್ಲ."

ಹೆದರಿಕೆ ನನಗೇ ಹೋಗಿರಲಿಲ್ಲ. ದಾರಿಯುದ್ದಕ್ಕೂ ಎಡಗೈ ಬೆರಳುಗಳನ್ನು ಮಡಚಿ ಬಿಡಿಸಿ ಮಾಡುತ್ತಾ ಹೋದೆ.

ಅಂಗಡಿಗೆ ಮೊದಲ ಗಿರಾಕಿ ಮಟಿಲ್ಡಾ ಟೀಚರ್. ನಮ್ಮ ರಸ್ತೆಯ ಹಿಂದಿನ ಗಲ್ಲಿಯವರು, ನಿವೃತ್ತರಾಗಿ ಹತ್ತು ವರ್ಷವಾಗಿರಬಹುದು. ಗಂಡ ಗ್ರೆಗರಿಯವರು ಬಿದ್ದು ಸೊಂಟದ ಎಲುಬು ಮುರಿದು ಆಪರೇಷನ್ ಆಗಿದೆ, ಮೂರು ತಿಂಗಳು ಮಲಗಿಯೇ ಇರಬೇಕು. ಗಟ್ಟಿ ಹಾಸಿಗೆ ಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದರು. ಹದಿನಾಲ್ಕೂವರೆ ಸಾವಿರದ್ದನ್ನು ತೋರಿಸಿದೆ. ಟೀಚರ್ ಅದರ ಮೇಲೆ ಕೂತರು, ಅಂಗೈಯಿಂದ ಒತ್ತಿದರು, ಇಷ್ಟಪಟ್ಟರು. ಆಮೇಲೆ ಪರ್ಸು ತೆರೆದು ಮುಚ್ಚಿದರು.

"ಹನ್ನೆರಡಕ್ಕೆ ಕೊಡಿ ಸಾಹೇಬ್ರೇ. ಆಸ್ಪತ್ರೆಗೇ ತುಂಬಾ ಹೋಯ್ತು."

"ಕೊಡುವ ಟೀಚರ್," ಎಂದು ಹಿಂದೆ ತಿರುಗಿ ನಿಝಾರ್‌ನನ್ನು ಕರೆದೆ. ಗೋಡೌನು ನೋಡಿಕೊಳ್ಳುವವನು, ಇಪ್ಪತ್ತು ವರ್ಷದಿಂದ ನನ್ನೊಟ್ಟಿಗೆ ಇರುವವನು. "ಹನ್ನೆರಡರದ್ದು. ನೀಲಿ ಕವರ್."

ಅಷ್ಟು ಹೇಳಿದರೆ ಅವನಿಗೆ ಸಾಕು.

"ಒಳಗೆ ಅದೇ ಅಲ್ವಾ?" ಎಂದು ಟೀಚರ್ ಕೇಳಿದರು. "ನಾನು ಕೂತು ನೋಡಿದ್ದೇ?"

"ಉಂಟು ಟೀಚರ್, ಅದೇ ಉಂಟು."

ಟೆಂಪೋ ಹೋಯಿತು. ಬಿಲ್ಲು ಪುಸ್ತಕ ಮುಚ್ಚುವಾಗ ಪೆನ್ನು ನನ್ನ ಕೈಯಲ್ಲಿ ಹಾಗೇ ನಿಂತಿತು. ಉಂಟು. ಈ ಶಬ್ದ ಇದೇ ಅಂಗಡಿಯಲ್ಲಿ, ಇದೇ ಅಟ್ಟಿಯ ಹತ್ತಿರ ನಾನು ಇನ್ನೊಬ್ಬರಿಗೆ ಹೇಳಿದ್ದೆ. ಇಪ್ಪತ್ತಾರೂವರೆ ಸಾವಿರ ಸುಮ್ಮನೆ ಬಿಡುವ ಮನುಷ್ಯ ಅಲ್ಲ ವಿಲ್ಸನ್. ಯಾರೂ ಅಲ್ಲ. ನಾನು ಬಿಡುತ್ತೇನಾ?

ಮೇಜಿನ ಖಾನೆಯಿಂದ ಎರಡು ಕೊಟೇಶನ್ನೂ ತೆಗೆದೆ. ಮೊದಲ ಸಲ ಅವನ್ನು ಅಕ್ಕಪಕ್ಕ ಇಟ್ಟು ಬೆರಳು ಇಟ್ಟು ಓದಿದೆ. ಹೊಸತರಲ್ಲಿ ಮೂವತ್ತನಾಲ್ಕು ಸಾಲು ಇರಲಿಲ್ಲ, ಮೂವತ್ತೆರಡೇ ಇತ್ತು. 'ಇಎಲ್‌ಸಿಬಿ, ಕರೆಂಟು ಲೀಕ್ ಆದರೆ ತನ್ನಷ್ಟಕ್ಕೆ ಆಫ್ ಆಗುವುದು, 8,000' ಎಂಬ ಸಾಲು ಹೋಗಿತ್ತು. 'ಮೀಟರ್ ಇಟ್ಟು ಪೂರ್ತಿ ಪರೀಕ್ಷೆ, 3,000' ಹೋಗಿತ್ತು. 'ಹೊಸ ಅರ್ತಿಂಗ್ ಗುಂಡಿ, ತಾಮ್ರದ ರಾಡ್ ಸಹಿತ, 9,500' ಎಂದು ಇದ್ದಲ್ಲಿ ಈಗ ಬರೆದದ್ದು 'ಅರ್ತಿಂಗ್: ಈಗ ಇರುವುದೇ'. ವಿಲ್ಸನ್ ನಿಜವಾಗಿ ಬಿಟ್ಟುಕೊಟ್ಟದ್ದು ಆರು ಸಾವಿರ. ಉಳಿದದ್ದೆಲ್ಲ ನಾನು ನನ್ನ ಕೈಯಿಂದಲೇ ಮಗಳ ಬಾತ್‌ರೂಮಿನಿಂದ ತೆಗೆಸಿದ್ದೆ. ಕೆಳಗೆ ನನ್ನದೇ ಸಹಿ, ಬಾಲ ಎಳೆದು ಹಾಕಿದ್ದು.

ಈಗ ಇರುವುದೇ. ಎಲ್ಲಿ ಇರುವುದು?

ಆಗ ನೆನಪಾಯಿತು. ಬಾವಿಯ ಪಕ್ಕ ನೆಲದಿಂದ ಒಂದು ಕಬ್ಬಿಣದ ಪೈಪು ಗೇಣುದ್ದ ಮೇಲೆ ಬಂದಿತ್ತು. ನನ್ನ ತಾಯಿ ಬದುಕಿರುವವರೆಗೆ ಬೇಸಿಗೆಯಲ್ಲಿ ಮೀನು ತೊಳೆದ ನೀರನ್ನು ದಿನಾ ಅದಕ್ಕೇ ಹೊಯ್ಯುತ್ತಿದ್ದರು. ಯಾಕೆ ಎಂದರೆ, ಅದಕ್ಕೂ ಬಾಯಾರ್ತದೆ ಎನ್ನುತ್ತಿದ್ದರು. ಅರ್ತಿಂಗ್ ಗುಂಡಿಯ ಮಣ್ಣು ಒಣಗಬಾರದು ಎಂದು ಮನೆ ಕಟ್ಟಿದ ಕಾಲದ ಎಲೆಕ್ಟ್ರಿಷಿಯನ್ ಅವರಿಗೆ ಹೇಳಿಕೊಟ್ಟಿದ್ದನಂತೆ, ಅವರು ಬಿಡದೆ ನಡೆಸಿದ್ದರು. ಹಸ್ನಾಳ ಮದುವೆಗೆ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸುವಾಗ ಆ ಪೈಪು ಅಡ್ಡ ಬಂತು. ಕತ್ತರಿಸಿ ಎಂದವನು ನಾನೇ. ಅದರ ಮೇಲೆ ಕೆಂಪು ಕಲ್ಲು ಕೂತು ನಾಲ್ಕು ವರ್ಷ.

ಗಡಿಯಾರ ನೋಡಿದೆ. ಹನ್ನೊಂದಕ್ಕೆ ಇಪ್ಪತ್ತೈದು ನಿಮಿಷ.

ಝೈನಬಳಿಗೆ ಫೋನು ಮಾಡಿದೆ. ರಿಂಗಾಗಿ ನಿಂತಿತು. ಅವಳ ಫೋನು ಯಾವಾಗಲೂ ಅಡುಗೆ ಮನೆಯ ಕಿಟಕಿಯಲ್ಲಿ, ಅವಳು ಯಾವಾಗಲೂ ಮಗುವಿನ ಹತ್ತಿರ. ಹಸ್ನಾಳಿಗೆ ಮಾಡಿದೆ. ಸ್ವಿಚ್ ಆಫ್, ಮಗು ಏಳಬಾರದೆಂದು. ವಿಲ್ಸನ್ ಮಾತ್ರ ಎತ್ತಿದ. ನನ್ನ ಮಾತು ತಡವರಿಸಿತು, ಆದರೂ ಅವನಿಗೆ ಅರ್ಥವಾಯಿತು.

"ಪೈಪು ಕತ್ತರಿಸಿದ್ರಾ?" ಎಂದ. "ಕಾಕ, ಗೀಸರ್ ಹಾಕ್ಲಿಕ್ಕೆ ಬಿಡ್ಬೇಡಿ. ಮೈನ್ ಸ್ವಿಚ್ಚೇ ಆಫ್ ಮಾಡಿ. ನಾನು ಬರ್ತೇನೆ."

ಕಂಕನಾಡಿಯಿಂದ ದೇರೆಬೈಲಿಗೆ ಎಷ್ಟು ದೂರ? ಬೇರೆ ದಿನ ಕೇಳಿದ್ದರೆ ಇಲ್ಲೇ ಎನ್ನುತ್ತಿದ್ದೆ. ನಂತೂರಿನಲ್ಲಿ ಒಂದು ಲಾರಿ ಅಡ್ಡ ನಿಂತಿತ್ತು, ನಾಲ್ಕೂ ಕಡೆಯಿಂದ ಹಾರ್ನು. ಹೆಲ್ಮೆಟ್ಟಿನೊಳಗೆ ಬೆವರು ಇಳಿದು ಕಣ್ಣು ಉರಿಯಿತು. ಓದಲು ಬರುವವನು ನಾನು. ಎರಡು ಹಾಳೆ, ಕನ್ನಡ, ದುಂಡಗಿನ ಅಕ್ಷರ. ಹತ್ತು ನಿಮಿಷದ ಕೆಲಸ. ಗೊತ್ತಿರುವ ದುಆಗಳನ್ನೆಲ್ಲ ಹೇಳಿಕೊಂಡೆ, ನಾಲಿಗೆ ಅರ್ಧಕ್ಕೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಕೆಪಿಟಿ ಸರ್ಕಲ್ ದಾಟುವಾಗ ಹನ್ನೊಂದು ಕಳೆದಿತ್ತು.

ಗೇಟು ತೆರೆಯುವಾಗಲೇ ಬಾತ್‌ರೂಮಿನಲ್ಲಿ ನೀರು ಬೀಳುವ ಸದ್ದು ಕೇಳಿತು. ಸ್ಕೂಟರು ಅಲ್ಲೇ ಬಿಟ್ಟೆ, ಅದು ಬಿತ್ತು. ಚಪ್ಪಲಿ ಕಾಲಲ್ಲೇ ಒಳಗೆ ಓಡಿ ಮೈನ್ ಸ್ವಿಚ್ಚು ಕೆಳಗೆ ಎಳೆದೆ. ಫ್ಯಾನು ನಿಧಾನವಾಗಿ ನಿಂತಿತು. ನೀರಿನ ಸದ್ದೂ ಕೇಳಲಿಲ್ಲ. ಆ ಎರಡು ಕ್ಷಣ ನಾನು ಬದುಕಿದ್ದೆನೋ ಇಲ್ಲವೋ ನನಗೆ ತಿಳಿಯದು.

ಆಮೇಲೆ ಬಾಗಿಲ ಹಿಂದಿನಿಂದ ಹಸ್ನಾಳ ಸ್ವರ ಬಂತು. "ಉಮ್ಮ, ಕರೆಂಟ್ ಹೋಯ್ತಾ?"

ಗೋಡೆಗೆ ಒರಗಿ ನೆಲದಲ್ಲಿ ಕೂತುಬಿಟ್ಟೆ. ಝೈನಬ್ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು, ನನ್ನ ಪಕ್ಕ ನೆಲದಲ್ಲೇ ಕೂತಳು. ನಾನು ಅಳುತ್ತಿದ್ದೆ. ಅವಳ ಎದುರು ಅತ್ತದ್ದು ಅದೇ ಮೊದಲು.

ವಿಲ್ಸನ್ ಬಂದ. ಎಲ್ಲರನ್ನೂ ಹೊರಗೆ ಕೂರಿಸಿ ಮೈನ್ ಹಾಕಿ, ಗೀಸರ್ ಹಾಕಿ, ಮೀಟರಿನ ಒಂದು ಮೊನೆಯನ್ನು ಒದ್ದೆ ನೆಲಕ್ಕೂ ಇನ್ನೊಂದನ್ನು ನಲ್ಲಿಗೂ ಇಟ್ಟ. ನನ್ನನ್ನು ಕರೆದು ತೋರಿಸಿದ.

"ಅರವತ್ತೆಂಟು ವೋಲ್ಟ್. ಒದ್ದೆ ಮೈಗೆ ಇದು ಸಣ್ಣದಲ್ಲ ಕಾಕ. ಗೀಸರಿನ ಒಳಗಿನ ಕಾಯಿಲ್ ಲೀಕ್ ಉಂಟು. ಲೀಕ್ ಆದದ್ದು ಅರ್ತ್ ವಯರಿನಲ್ಲಿ ಭೂಮಿಗೆ ಹೋಗ್ಬೇಕು. ನಿಮ್ಮಲ್ಲಿ ವಯರ್ ಉಂಟು, ಭೂಮಿ ಇಲ್ಲ. ಮನೆಯ ಎಲ್ಲಾ ಅರ್ತ್ ವಯರ್ ನಾನೇ ಒಟ್ಟು ಸೇರಿಸಿದ್ದು. ಹಾಗಾಗಿ ಗೀಸರಿನದ್ದು ಫ್ರಿಜ್ಜಿಗೂ ಬಂತು."

ಅಂಗಳದಲ್ಲಿ ಬಾವಿಯ ಪಕ್ಕ ಆರು ಕಲ್ಲು ಎಬ್ಬಿಸಿದೆವು. ಕೆಳಗಿನ ಮಣ್ಣು ಒಣಗಿ ಹಿಟ್ಟಾಗಿತ್ತು. ಪೈಪಿನ ತುಂಡು ಸಿಕ್ಕಿತು. ವಿಲ್ಸನ್ ಹಿಡಿದು ಎಳೆದ ಕೂಡಲೇ ಹಪ್ಪಳದ ಹಾಗೆ ಮುರಿದು ಕೈಗೆ ಬಂತು.

"ನೀನು ಹೇಳಬೇಕಿತ್ತು," ಎಂದೆ.

"ಹೇಳ್ಬೇಕಿತ್ತು. ದುಡ್ಡು ಇಲ್ಲದಿದ್ರೂ ಮೀಟರ್ ಇಟ್ಟು ನೋಡ್ಬೇಕಿತ್ತು. ತಪ್ಪು ನಂದೂ ಉಂಟು, ಇಲ್ಲ ಹೇಳುದಿಲ್ಲ." ಅವನು ಕೈಯ ತುಕ್ಕು ಪ್ಯಾಂಟಿಗೆ ಒರೆಸಿಕೊಂಡ. "ಆದ್ರೆ ನೀವು ಉಂಟು ಅಂದ್ರಿ ಕಾಕ. ಎರಡು ಸಲ. ನಾನು ನಂಬಿದೆ."

ನಾನು ಎಬ್ಬಿಸಿದ ಕಲ್ಲುಗಳನ್ನು ಒಂದೊಂದಾಗಿ ಬದಿಗೆ ಇಟ್ಟೆ.

ಹೊಸ ಗುಂಡಿ, ತಾಮ್ರದ ರಾಡು, ಇಎಲ್‌ಸಿಬಿ, ಹೊಸ ಗೀಸರು ಎಲ್ಲ ಆಗುವಾಗ ಎರಡು ದಿನ ಹಿಡಿಯಿತು. ಆ ಎರಡು ದಿನ ಬಾಣಂತಿಗೆ ಗ್ಯಾಸಿನ ಮೇಲೆ ನೀರು ಕಾಯಿಸಿದ್ದು ನಾನು. ವಿಲ್ಸನ್ ಪುನಃ ಮೀಟರ್ ಇಟ್ಟ, ಸೊನ್ನೆ ತೋರಿಸಿತು. ಇಎಲ್‌ಸಿಬಿಯ ಸಣ್ಣ ಬಟನು ಒತ್ತಿ, ಟಪ್ ಎಂದು ಇಡೀ ಮನೆ ಆಫ್ ಆಗುವುದನ್ನು ನನ್ನಿಂದ ಮೂರು ಸಲ ಮಾಡಿಸಿದ. ಝೈನಬ್ ಹೊಸ ಗುಂಡಿಗೆ ಒಂದು ಬಾಲ್ದಿ ನೀರು ಹೊಯ್ದಳು. ನಿದ್ದೆ ಬರಬೇಕಿತ್ತು ನನಗೆ. ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ನಿಝಾರ್‌ಗೆ ಹೇಳಿ ಹದಿನಾಲ್ಕೂವರೆಯ ಹಾಸಿಗೆಯನ್ನು ಟೆಂಪೋಗೆ ಹಾಕಿಸಿದೆ. ಎಲ್ಲಿಗೆ ಎಂದು ಅವನು ಕೇಳಿದ. ಹೇಳಿದೆ. ಅವನು ನನ್ನ ಮುಖವನ್ನು ಒಮ್ಮೆ ನೋಡಿ ಹಗ್ಗ ಬಿಗಿದ.

ಮಟಿಲ್ಡಾ ಟೀಚರ್ ಮನೆಯಲ್ಲಿ ಗ್ರೆಗರಿಯವರು ಮುಂದಿನ ಕೋಣೆಯಲ್ಲೇ ಮಲಗಿದ್ದರು. ಮೂರೇ ದಿನಕ್ಕೆ ಹಾಸಿಗೆಯ ನಡುಭಾಗ ತಗ್ಗಿತ್ತು. ನನ್ನ ಕಣ್ಣಿಗೆ ಕಂಡಿತು, ಅವರಿಗೆ ಗೊತ್ತಾಗಿರಲಿಲ್ಲ.

"ಬನ್ನಿ ಸಾಹೇಬ್ರೇ," ಎಂದರು ಟೀಚರ್. "ಒಳ್ಳೇ ಹಾಸಿಗೆ. ಇವರಿಗೆ ಸ್ವಲ್ಪ ಸೊಂಟ ನೋವು ಅಂತಾರೆ, ಹೊಸತಲ್ವಾ, ಅಭ್ಯಾಸ ಆಗ್ಬೇಕು."

"ಟೀಚರ್, ನೀವು ಅಂಗಡಿಯಲ್ಲಿ ಕೂತು ನೋಡಿದ್ದು ಇದರಲ್ಲಿ ಇಲ್ಲ."

ಅವರಿಗೆ ತಿಳಿಯಲಿಲ್ಲ. ನಾನು ಮಂಚದ ಪಕ್ಕ ಮೊಣಕಾಲೂರಿ ಜಿಪ್ಪು ಎಳೆದು ಒಳಗಿನ ಫೋಮನ್ನು ತೋರಿಸಿದೆ. ನೀವು ಕೂತು ನೋಡಿದ್ದು ಹೊರಗೆ ಟೆಂಪೋದಲ್ಲಿ ಉಂಟು, ಹಣ ಬೇಡ, ಬದಲಿಸಿ ಹೋಗುತ್ತೇನೆ ಎಂದೆ. ಟೀಚರ್ ಫೋಮನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನಾನು ಕೇಳಿದ್ದೆ ನಿಮ್ಮ ಹತ್ರ. ಅದೇ ಅಲ್ವಾ ಅಂತ."

"ಕೇಳಿದ್ದೀರಿ."

"ಉಂಟು ಅಂದ್ರಿ."

"ಅಂದೆ ಟೀಚರ್."

ಅವರು ಗಂಡನ ಹೊದಿಕೆ ತೆಗೆದು ಮಡಚಿದರು. ಬೈದಿದ್ದರೆ ಆಗುತ್ತಿತ್ತು. ನಿಝಾರ್ ಮತ್ತು ನಾನು ಗ್ರೆಗರಿಯವರನ್ನು ಮೆಲ್ಲ ಎತ್ತಿ ಕುರ್ಚಿಗೆ ಕೂರಿಸಿ, ಹಳೆಯದನ್ನು ತೆಗೆದು, ಹೊಸತನ್ನು ಒಳಗೆ ತಂದೆವು. ಮಂಚದ ಮೇಲೆ ಇಡುವ ಮೊದಲು ಟೀಚರ್ ಕೈ ಅಡ್ಡ ಹಿಡಿದರು.

"ಇದರ ಜಿಪ್ಪೂ ತೆಗೀರಿ," ಎಂದರು. ಕನ್ನಡಕ ಹಾಕಿಕೊಂಡು ಬಗ್ಗಿ, ಈ ತುದಿಯಿಂದ ಆ ತುದಿಯವರೆಗೆ ಹೆಬ್ಬೆರಳಿನಿಂದ ಒಂದೊಂದೇ ಕಡೆ ಒತ್ತಿ ನೋಡಿದರು. ಅವರು ಮುಗಿಸುವವರೆಗೆ ನಾನು ಹಾಸಿಗೆಯ ತುದಿ ಹಿಡಿದು ನಿಂತಿದ್ದೆ.